ದೊಡ್ಡವ್ವನಿಗೆ, ಮತ್ತು ನಿಮಗೆಲ್ಲರಿಗೂ

ನಮ್ಮ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದು ನಿನ್ನೆಗೆ ಆರು ತಿಂಗಳಾಯಿತು. ನಿನ್ನೆ ಸಂಜೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದವರು ತಾವೇ ಎದ್ದು ಹೋಗಿ ಗೇಟು ಹಾಕಿ ಬಂದರು. ಹೋಗಲು ಹನ್ನೆರಡು ಹೆಜ್ಜೆ, ಬರಲು ಹದಿನಾಲ್ಕು. ನಾನು ಒಳಗಿನಿಂದ ಎಣಿಸುತ್ತಿದ್ದೆ, ಅವರಿಗೆ ಗೊತ್ತಿಲ್ಲ. ಆಗಲೇ ಅನ್ನಿಸಿತು, ಇನ್ನೂ ಬರೆಯದೆ ಕೂತರೆ ತಪ್ಪಾಗುತ್ತದೆ ಅಂತ.

ಏನಾಯಿತು, ಹೇಗಾಯಿತು ಅನ್ನೋದನ್ನ ಮತ್ತೆ ಹೇಳುವುದಿಲ್ಲ. ನಿಮಗೆಲ್ಲ ಗೊತ್ತಿದೆ. ನಾನು ಕಳಿಸಿದ ರಿಪೋರ್ಟುಗಳನ್ನು ನೋಡಿ ನೋಡಿ ಅರ್ಧ ಡಾಕ್ಟರಾದವರೂ ನಿಮ್ಮಲ್ಲಿದ್ದೀರಿ.

ಮೊದಲು ಎಲ್ಲರಿಗೂ ಒಟ್ಟಿಗೆ ಕೈ ಮುಗಿಯುತ್ತೇನೆ. ರಾತ್ರೋರಾತ್ರಿ ಹುಬ್ಬಳ್ಳಿಗೆ ಗಾಡಿ ಓಡಿಸಿದ ತಮ್ಮ, ರಕ್ತ ಕೊಟ್ಟ ಹನ್ನೊಂದು ಮಂದಿ, ಮೂರು ತಿಂಗಳು ನನ್ನ ಕ್ಲಾಸುಗಳನ್ನು ತಮ್ಮೊಳಗೇ ಹಂಚಿಕೊಂಡ ನಮ್ಮ ಶಾಲೆಯ ಟೀಚರ್‌ಗಳು, ಮಕ್ಕಳ ಡಬ್ಬಿ ಕಟ್ಟಿದ ಎದುರು ಮನೆಯ ವೈನಿ, ಅಂಗಡಿಯ ಬಾಕಿ ವಸೂಲಿ ಮಾಡಿ ಪೈಸೆ ಪೈಸೆ ಲೆಕ್ಕ ಒಪ್ಪಿಸಿದ ಹುಡುಗರು, ಯಾವಾಗ ಕೊಡ್ತೀರಿ ಅಂತ ಇನ್ನೂ ಕೇಳದೆ ಇರುವ ಸಾಲ ಕೊಟ್ಟವರು. ನಿಮ್ಮ ಬಗ್ಗೆ ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಯಬೇಕು. ಆದರೆ ಇವತ್ತು ನನ್ನ ಕೈ ಒಬ್ಬಳ ಕಡೆಗೇ ಹೋಗುತ್ತಿದೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ದೊಡ್ಡವ್ವ.

ನಮ್ಮ ಅವ್ವನ ಅಕ್ಕ. ಎಪ್ಪತ್ತೈದು ದಾಟಿದೆ. ಮಕ್ಕಳಿಲ್ಲ, ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಅವ್ವ ತೀರಿಕೊಂಡಾಗ ನಾನು ಆರನೇ ಕ್ಲಾಸು. ಅಲ್ಲಿಂದ ನನ್ನ ಜಡೆ ಹಾಕಿದ್ದು, ಬೈದದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಅವಳೇ. ಮೊಣಕಾಲು ನೋವು. ಬಸ್ಸು ಹತ್ತಲು ಇಬ್ಬರು ಬೇಕು. ಆದರೂ ಆ ದಿನ ಸುದ್ದಿ ಕೇಳಿದ್ದೇ, ಯಾರಿಗೂ ಹೇಳದೆ, ಒಂದು ಕೌದಿ, ಒಂದಿಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲಕ್ಕೆ ತುಂಬಿಕೊಂಡು ಬಾಗಲಕೋಟೆ ಬಸ್‌ಸ್ಟ್ಯಾಂಡಿಗೆ ಬಂದು ಹುಬ್ಬಳ್ಳಿ ಬಸ್ಸು ಹಿಡಿದಿದ್ದಳು. ಸಂಜೆ ಏಳಕ್ಕೆ ಐಸಿಯು ಮುಂದಿನ ಪ್ಯಾಸೇಜಿನಲ್ಲಿ ಅವಳನ್ನು ನೋಡಿ ನಾನು ಮಾಡಿದ ಮೊದಲ ಕೆಲಸ ರೇಗಿದ್ದು. "ನೀ ಯಾಕ ಬರಾಕ ಹೋದಿ? ಇನ್ನ ನಿನ್ನೂ ನಾನ ನೋಡ್ಕೋಬೇಕೇನು?" ಅಂದೆ. ಅವಳು ಚೀಲ ಕುರ್ಚಿಯ ಕೆಳಗೆ ಸರಿಸಿ, "ಉಂಡಿಯಿಲ್ಲೋ?" ಅಂದಳು.

ಒಬ್ಬರೇ ಇರಬೇಕು ಅನ್ನುವುದು ಆಸ್ಪತ್ರೆಯ ನಿಯಮ. ವಾಚ್‌ಮನ್ ಎರಡು ಸಲ ಬಂದು ಹೇಳಿದ. ಮೂರನೇ ಸಲ ಬಂದಾಗ ಅವನ ಕೈಗೂ ಒಂದು ರೊಟ್ಟಿ ಹೋಯಿತು. ಆಮೇಲೆ ಅವನು ನಿಯಮದ ಮಾತೆತ್ತಲಿಲ್ಲ.

ಆ ರಾತ್ರಿ ಅವಳು ನನಗೆ ಒಂದೇ ಒಂದು ಸಮಾಧಾನದ ಮಾತು ಹೇಳಲಿಲ್ಲ. ಎಲ್ಲ ಸರಿ ಹೋಗ್ತದ ಅನ್ನಲಿಲ್ಲ. ದೇವರ ಮೇಲೆ ಭಾರ ಹಾಕು ಅನ್ನಲಿಲ್ಲ. ಅದನ್ನು ಫೋನಿನಲ್ಲಿ ಬೇರೆಯವರು ಬೇಕಾದಷ್ಟು ಹೇಳಿದ್ದರು. ಅವಳು ನನಗೆ ನಮ್ಮ ಓಣಿಯನ್ನು ಹೇಳಿದಳು.

ಇದು ಬಾಗಲಕೋಟೆಯ ಹೊರಗಿನವರಿಗೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನದು ಹೇಳಬೇಕು. ನಾವು ಮುಳುಗಡೆ ಮಂದಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಅದೇ ವರ್ಷ ದೊಡ್ಡವ್ವ ಮದುವೆಯಾಗಿ ಬಾಗಲಕೋಟೆಗೆ ಬಂದಳು. ಅಂದರೆ ಅವಳು ಸೇರು ಒದ್ದು ಒಳಗೆ ಬಂದ ಮನೆಯ ಹಣೆಬರಹ ಆಗಲೇ ಬರೆದಾಗಿತ್ತು. ಅಣೆಕಟ್ಟು ಕಟ್ಟಿದ್ದು ಕೃಷ್ಣೆಗೆ. ಹಿನ್ನೀರು ಮಾತ್ರ ಘಟಪ್ರಭೆಯ ದಾರಿ ಹಿಡಿದು ನಮ್ಮ ಊರಿಗೆ ಬಂತು. ಅದು ಬರಲು ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟು ವರ್ಷ ಆ ಜನ 'ಈ ವರ್ಷ ಬರ್ತೈತಂತ, ಬರೋ ವರ್ಷ ಬರ್ತೈತಂತ' ಅನ್ನುತ್ತಲೇ ಗೋಡೆಗೆ ಸುಣ್ಣ ಹೊಡೆದರು, ತೊಟ್ಟಿಲು ಕಟ್ಟಿದರು, ಹೋಳಿ ಹಬ್ಬಕ್ಕೆ ಹಲಗಿ ಬಡಿದರು. ಕೊನೆಗೆ ನವನಗರದ ಸೆಕ್ಟರುಗಳಿಗೆ ಬಂದೆವು. ಓಣಿಗೆ ಹೆಸರಿತ್ತು, ಸೆಕ್ಟರಿಗೆ ನಂಬರು ಬಂತು. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ. ನಮ್ಮ ಕಡೆಯ ಮಕ್ಕಳಿಗೆ ಮಗ್ಗಿ ಬಾರದಿದ್ದರೂ ಈ ಎರಡು ಅಂಕಿ ಬರುತ್ತವೆ.

ಆ ಮುಳುಗಿದ ಓಣಿಯನ್ನು ದೊಡ್ಡವ್ವ ಆ ರಾತ್ರಿ ನನಗೆ ನಡೆಸಿ ತೋರಿಸಿದಳು. ಮೊದಲು ಬಾವಿ. ಬಾವಿ ದಾಟಿದರೆ ಹನುಮಪ್ಪನ ಗುಡಿ. ಗುಡಿ ಕಟ್ಟೆಗೆ ಹತ್ತಿಕೊಂಡು ಬಳೆಗಾರನ ಮನೆ, ಆಮೇಲೆ ಪಾತ್ರೆ ಅಂಗಡಿ, ಅಲ್ಲಿಂದ ಎಡಕ್ಕೆ ಹೊರಳಿದರೆ ನೇಕಾರರ ಮನೆಗಳು, ಮಗ್ಗದ ಸಪ್ಪಳ. ಯಾವ ಮನೆಯ ಹೊಸ್ತಿಲು ಎತ್ತರ, ಯಾವ ಮನೆಯ ಆಕಳು ಹಾಯುತ್ತಿತ್ತು, ಯಾರ ಮನೆಯಲ್ಲಿ ಮೊದಲು ಗಿರಣಿ ಹಾಕಿದರು. ಐಸಿಯು ಬಾಗಿಲು ತೆರೆದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದಳು. ಮುಚ್ಚಿದ ಮೇಲೆ "ಎಲ್ಲಿದ್ವಿ? ಹಾಂ, ಗಿರಣಿ" ಅಂತ ಅಲ್ಲಿಂದಲೇ ಶುರು. ನಾನು ಕೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೆ ಉಸಿರಾಡುತ್ತಿದ್ದೆ. ಆ ಹೊತ್ತಿಗೆ ಅಷ್ಟು ಸಾಕಿತ್ತು.

ಮನೆ ಬಿಟ್ಟ ದಿನದ ಕತೆ ಬಂತು. ಅದು ನನಗೂ ನೆನಪಿದೆ. ಸಾಮಾನೆಲ್ಲ ಟ್ರ್ಯಾಕ್ಟರಿಗೆ ಏರಿಸಿ ಆಗಿತ್ತು. ಬಾಗಿಲು, ಕಿಟಕಿ, ತೊಲೆ ಕಿತ್ತು ಒಯ್ದಿದ್ದರು. ಎಲ್ಲರೂ ಹೊರಗೆ ಕಾಯುತ್ತಿದ್ದರೆ ದೊಡ್ಡವ್ವ ಒಳಗೆ ಕೂತು ನೆಲ ಸಾರಿಸುತ್ತಿದ್ದಳು. ಬಾಗಿಲಿಲ್ಲದ ಹೊಸ್ತಿಲಿಗೆ ರಂಗೋಲಿಯನ್ನೂ ಹಾಕಿದಳು. ದೊಡ್ಡಪ್ಪನಿಗೆ ಸಿಟ್ಟು ಬಂತು. "ಮುಳುಗೋ ಮನಿಗೆ ಯಾಕ ಸಾರಸ್ತಿ? ಮೀನ ಬಂದು ನೋಡ್ತಾವೇನು?" ಅಂದ. ಅವಳು ಕೈ ತೊಳೆದುಕೊಂಡು, "ಇವತ್ತಿನ ಪೂಜಿ ಇಲ್ಲೇ ಆಗೈತಿ. ನಾಳಿಂದು ಅಲ್ಲಿ" ಅಂದಳಂತೆ. ಕೊರಳಲ್ಲಿದ್ದ ಲಿಂಗದ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಟ್ರ್ಯಾಕ್ಟರ್ ಹತ್ತಿದಳು. ಮರುದಿನ ಬೆಳಗಿನ ಜಾವ ನವನಗರದ ಹೊಸ ಮನೆಯಲ್ಲಿ, ಇನ್ನೂ ಹಸಿ ಸಿಮೆಂಟಿನ ವಾಸನೆ ಇರುವಾಗ, ಅದೇ ಹೊತ್ತಿಗೆ ಎದ್ದು ಅದೇ ಪೂಜೆ.

ರಾತ್ರಿ ಮೂರರ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಸಹಿ ಬೇಕು ಅಂದರು. ಪೆನ್ನು ನನ್ನ ಕೈಯಲ್ಲೇ ಇತ್ತು. ಕ್ಯಾಪು ತೆಗೆಯಲು ಬರಲಿಲ್ಲ. ದೊಡ್ಡವ್ವ ಪೆನ್ನು ಇಸಿದುಕೊಂಡು ಕ್ಯಾಪು ತೆಗೆದು ಕೊಟ್ಟಳು. ಸಹಿ ಮಾಡಿದೆ. ಡಾಕ್ಟರು ಒಳಗೆ ಹೋದರು.

ಆಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಬರೆದೇಬಿಡುತ್ತೇನೆ. ಅವಳ ಕೊರಳ ಕಡೆ ಬೆರಳು ತೋರಿಸಿ, "ಅದನ್ನ ಒಯ್ದು ಹೊಳಿಗೆ ಹಾಕು. ಏನ್ ಮಾಡೈತಿ ಅದು? ಅವ್ವನ್ನ ಉಳಸ್ತಾ? ಮನಿ ಉಳಸ್ತಾ? ಈಗ ಇವರನ್ನ ಉಳಸ್ತದೇನು?" ಅಂತ ಕೂಗಿದೆ. ಪ್ಯಾಸೇಜಿನಲ್ಲಿ ಮಲಗಿದ್ದವರು ಎದ್ದು ಕೂತರು. ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕದ ಹೆಂಗಸಿಗೆ, ತಾನು ಸಾಕಿದ ಹುಡುಗಿ ಆಡಿದ ಮಾತು ಅದು. ನಾನು ಮಾತು ಮುಗಿಸುವುದಕ್ಕೆ ಮೊದಲೇ ನಡುಗಲು ಶುರುಮಾಡಿದ್ದೆ. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಕೌದಿ ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದಳು. "ಹೊಳಿಗೆ ಹಾಕೋದೇನ ಬಂತು? ಹೊಳೀನ ಒಮ್ಮೆ ಮನೀತನಕ ಬಂದೈತಿ. ಆಗಿಂದೂ ಇದು ನನ್ನ ಕೊಳ್ಳಾಗೇ ಐತಿ" ಅಂದಳು. ಸಿಟ್ಟಿಲ್ಲ. ತರಕಾರಿ ರೇಟು ಹೇಳಿದಷ್ಟು ಸಲೀಸಾಗಿ.

ಆಮೇಲೆ ಅತ್ತೆ. ಬಹಳ ಹೊತ್ತು. ಅವಳು ತಡೆಯಲಿಲ್ಲ.

ಬೆಳಗಿನ ನಾಲ್ಕೂವರೆಗೆ ಎದ್ದು ಹೊರಗಿನ ನಲ್ಲಿಯಲ್ಲಿ ತಣ್ಣೀರು ಸುರಿದುಕೊಂಡು ಬಂದಳು. ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತು ವಿಭೂತಿ ಹಚ್ಚಿಕೊಂಡಳು. ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡಳು. ಸ್ಟೀಲ್ ಲೋಟದಲ್ಲಿ ನೀರು. ಪತ್ರಿ ಇರಲಿಲ್ಲ. ವಾಚ್‌ಮನ್ ಎಲ್ಲಿಂದಲೋ ಎರಡು ಕಣಗಿಲೆ ಹೂವು ತಂದುಕೊಟ್ಟ. ಅವನ ಹೆಸರು ಕೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಕೊರಗು. ತಲೆಯ ಮೇಲೆ ಟ್ಯೂಬ್‌ಲೈಟು ಪಟಪಟ ಅನ್ನುತ್ತಿತ್ತು. ಸ್ಟ್ರೆಚರ್ ಹೋಗಿಬಂದು ಮಾಡುತ್ತಿತ್ತು. ಅವಳು ಕರ್ರಗಿನ ಕಂತಿಯ ಆ ಪುಟ್ಟ ಲಿಂಗವನ್ನೇ ದಿಟ್ಟಿಸುತ್ತಾ ಕೂತಿದ್ದಳು. ನಾನು ಚಿಕ್ಕವಳಿದ್ದಾಗ ಮುಳುಗಿದ ಮನೆಯ ಪಡಸಾಲೆಯಲ್ಲಿ ಹೇಗೆ ಕೂರುತ್ತಿದ್ದಳೋ ಹಾಗೇ. ಬೆನ್ನು ಸ್ವಲ್ಪ ಬಾಗಿದೆ, ಅಷ್ಟೇ.

ನಾನು ಚಿಕ್ಕಂದಿನಿಂದ ಎಷ್ಟೋ ಪ್ರವಚನ ಕೇಳಿದ್ದೇನೆ. ದೇವರು ಬದಲಾಗದವನು, ಜಗತ್ತು ಬದಲಾಗುವಂಥದ್ದು. ಕೇಳಿ ತಲೆಯಾಡಿಸಿದ್ದೇನೆ. ಬದಲಾಗದವನು ಅಂದಾಗ ನನಗೆ ಬೆಟ್ಟ, ಬಂಡೆ, ಗುಡಿಯ ಕಂಬ ಕಣ್ಣಿಗೆ ಬರುತ್ತಿದ್ದವು. ಅಲ್ಲಾಡದೆ ಒಂದೆಡೆ ನಿಂತದ್ದು. ಆದರೆ ನಮ್ಮ ಓಣಿಯ ಗುಡಿಯೂ ಹಾಗೇ ನಿಂತಿತ್ತಲ್ಲ? ನೀರು ಬಂದಾಗಲೂ ಅಲ್ಲೇ ನಿಂತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಅದರ ಕಟ್ಟೆ ಕಾಣುತ್ತದೆ, ಅದರ ಮೇಲೆ ಬೆಳ್ಳಕ್ಕಿ ಕೂತಿರುತ್ತವೆ. ನಮ್ಮ ಕಡೆ ಪಾಠ ಕಲಿಯದ ಹುಡುಗರ ಬಾಯಲ್ಲೂ ಇರುವ ಬಸವಣ್ಣನ ಮಾತು, 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ'. ಶಾಲೆಯಲ್ಲಿ ಆ ವಚನ ಹೇಳಿ ನಾನು ಸ್ಟೀಲ್ ತಟ್ಟೆ ಬಹುಮಾನ ಗೆದ್ದಿದ್ದೆ. ಎಷ್ಟೋ ವರ್ಷ ಅದೇ ತಟ್ಟೆಯಲ್ಲಿ ಉಂಡೆ. ಅರ್ಥ ಮಾತ್ರ ಆ ಬೆಳಗಿನ ಜಾವದವರೆಗೆ ತಲೆಗೆ ಇಳಿದಿರಲಿಲ್ಲ.

ನೀರಿನ ತಳದಲ್ಲಿರುವ ನಮ್ಮ ಓಣಿಯೂ ದೊಡ್ಡವ್ವನ ಬಾಯಲ್ಲಿ ಬದಲಾಗುವುದಿಲ್ಲ. ಬಾವಿ, ಗುಡಿ, ಬಳೆಗಾರ, ಪಾತ್ರೆ ಅಂಗಡಿ, ಯಾವತ್ತೂ ಅದೇ ಸಾಲು. ಅಲ್ಲಿ ಯಾರೂ ಇಲ್ಲ, ಅದಕ್ಕೇ ಬದಲಾಗುವುದಿಲ್ಲ. ಅವಳ ಅಂಗೈಯಲ್ಲಿರುವುದು ಬೇರೆ ಥರ. ಅದು ಅವಳ ಜೊತೆ ಟ್ರ್ಯಾಕ್ಟರ್ ಹತ್ತಿತು. ಹುಬ್ಬಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಬಂತು. ದೊಡ್ಡಪ್ಪ ಹೋದ ದಿನವೂ, ನನ್ನ ಮದುವೆಯ ದಿನವೂ, ನಾನು ಅದನ್ನು ಹೊಳೆಗೆ ಹಾಕು ಅಂದ ಒಂದೂವರೆ ಗಂಟೆಯ ಮೇಲೂ ಅದೇ ಅಂಗೈಯಲ್ಲಿ ಕೂತಿತು. ಇದನ್ನು ಇನ್ನೂ ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಬಲ್ಲವರು ತಿದ್ದಿಕೊಳ್ಳಿ.

ಪೂಜೆ ಮುಗಿದ ಮೇಲೆ, ಇನ್ನೂ ಕೌದಿ ಹೊದ್ದುಕೊಂಡೇ, ಕೇಳಿದೆ. "ಅಂವ ಬದಲಾಗೋದೇ ಇಲ್ಲ ಅಂದ್ರ ಬೇಡ್ಕೊಂಡು ಏನ್ ಉಪಯೋಗ, ದೊಡ್ಡವ್ವ?" ಇದು ಜಗಳದ ಪ್ರಶ್ನೆಯಾಗಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ.

ಅವಳು ಲಿಂಗವನ್ನು ವಸ್ತ್ರದಲ್ಲಿ ಕಟ್ಟುತ್ತಿದ್ದಳು. "ಬಾವ್ಯಾಗ ನೀರು ಇದ್ದಲ್ಲೇ ಐತಿ" ಅಂದಳು. "ನಿನ್ನ ಹಗ್ಗ ಸಾಲವಲ್ದು, ಅಷ್ಟ. ತಡಿ, ನಂದೂ ಗಂಟ ಹಾಕೂಣು."

ಅಷ್ಟು ಹೇಳಿ, ಚಹಾ ಸಿಗುತ್ತದೋ ನೋಡಿಕೊಂಡು ಬಾ ಅಂತ ನನ್ನನ್ನು ಕ್ಯಾಂಟೀನಿಗೆ ಓಡಿಸಿದಳು.

ಆ ಬೆಳಿಗ್ಗೆ ಪವಾಡವೇನೂ ಆಗಲಿಲ್ಲ. ಇನ್ನೂ ಹತ್ತೊಂಬತ್ತು ದಿನ ಹಾಗೇ ಹೋಯಿತು. ಎರಡು ಸಲ ಮತ್ತೆ ಸಹಿ ಮಾಡಿದೆ. ದೊಡ್ಡವ್ವ ಹತ್ತೊಂಬತ್ತು ದಿನವೂ ಅಲ್ಲೇ ಇದ್ದಳು. ಕೊನೆ ಕೊನೆಗೆ ಆ ಪ್ಯಾಸೇಜಿನಲ್ಲಿ ಯಾರಿಗೆ ಏನಾದರೂ ಬೇಕಾದರೆ 'ಬಾಗಲಕೋಟಿ ಆಯಿ' ಹತ್ತಿರ ಬರುವಂತಾಯಿತು. ಗದಗದ ಕಡೆಯ ಒಂದು ಹುಡುಗಿಗೆ, ಮದುವೆಯಾಗಿ ವರ್ಷವಾಗಿರಲಿಲ್ಲ, ಅವಳಿಗೂ ಓಣಿ ಹೇಳಿದಳು. ಆ ಹುಡುಗಿ ಒಂದು ಮಧ್ಯಾಹ್ನ ಚೀಲ ಕಟ್ಟಿಕೊಂಡು ಒಬ್ಬಳೇ ಹೊರಟಳು. ನಾವು ಗಂಡನ ಜೊತೆ ಬಂದೆವು. ಯಾಕೆ ಹಾಗೆ ಅಂತ ನನಗೆ ಯಾರೂ ಹೇಳಲಾರರು. ದೊಡ್ಡವ್ವನೂ ಹೇಳಲಿಲ್ಲ. ಆ ಸಂಜೆ ಅವಳು ಊಟ ಮಾಡಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದಳು.

ಬಂದ ಮೇಲಿನದನ್ನೂ ಸ್ವಲ್ಪ ಹೇಳುತ್ತೇನೆ. ಹೇಗಿದ್ದಾರೆ ಅಂತ ಎಲ್ಲರೂ ಕೇಳುತ್ತೀರಿ, ನಾನು 'ಆರಾಮ' ಅನ್ನುತ್ತೇನೆ. ಆರಾಮ ಹೌದು. ಆದರೆ ಮನೆಗೆ ಬಂದವರು ಹೋದವರ ಹಾಗಿಲ್ಲ. ದನಿ ಬದಲಾಗಿದೆ. ಫೋನಿನಲ್ಲಿ ಮಾತಾಡಿದರೆ ಅವರ ಸ್ವಂತ ಅಕ್ಕನೇ "ಯಾರು?" ಅಂದರು. ಜೋರಾಗಿ ನಗುತ್ತಿದ್ದವರು ಈಗ ಸುಮ್ನೆ ಕೂರುತ್ತಾರೆ. ಹಿಂದೆ ಕಣ್ಣೆತ್ತಿ ನೋಡದಿದ್ದ ಬದನೆಕಾಯಿ ಪಲ್ಯ ಈಗ ಬೇಕು. ಅಂಗಡಿ ಬಾಡಿಗೆಗೆ ಕೊಟ್ಟಿದ್ದೇವೆ. ಇಳಕಲ್ಲಿನ ಕಡೆ ಇದ್ದ ಪ್ಲಾಟು ಹೋಯಿತು. ಚಿಕ್ಕವನು ಆರು ತಿಂಗಳಲ್ಲಿ ಆರು ವರ್ಷ ದೊಡ್ಡವನಾಗಿದ್ದಾನೆ, ಅದು ನನಗೆ ಖುಷಿಯ ಸುದ್ದಿಯೇನಲ್ಲ. ಮೊದಲಿನ ಹಾಗೆ ಆಗಲಿ ಅಂತ ಬಹಳ ದಿನ ಬೇಡಿಕೊಂಡೆ. ಈಚೆಗೆ ಅದನ್ನು ಬಿಟ್ಟಿದ್ದೇನೆ. ಮೊದಲಿನ ಮನೆ ನೀರಿನಲ್ಲಿದೆ. ಇವತ್ತಿನ ನೆಲ ಇವತ್ತು ಸಾರಿಸಬೇಕು.

ಹೋದ ತಿಂಗಳು ಕೂಡಲಸಂಗಮಕ್ಕೆ ಹೋಗಿದ್ದೆವು. ಹರಕೆಯೇನೂ ಇರಲಿಲ್ಲ. ಇವರೇ ಹೋಗೋಣ ಅಂದರು. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಆಲಮಟ್ಟಿಯಿಂದ ಕೆಳಗೆ ಇರುವುದರಿಂದ ನಮ್ಮನ್ನು ಮುಳುಗಿಸಿದ ನೀರು ಅಲ್ಲಿಗೆ ಬರಲಿಲ್ಲ, ಆದರೆ ನಾರಾಯಣಪುರದ ಬಸವಸಾಗರದ ಹಿನ್ನೀರು ಬಂತು. ಬಸವಣ್ಣನ ಐಕ್ಯಮಂಟಪ ಮುಳುಗಬೇಕಿತ್ತು. ಅದನ್ನು ಎತ್ತಿ ಬೇರೆ ಕಡೆ ಇಡಲಿಲ್ಲ. ಇದ್ದಲ್ಲೇ ಬಿಟ್ಟು ಸುತ್ತಲೂ ದೊಡ್ಡ ಬಾವಿಯ ಹಾಗೆ ಗೋಡೆ ಕಟ್ಟಿದರು. ಹೊರಗೆ ಹೊಳೆ, ಒಳಗೆ ಒಣಗಿದ ಬಾವಿ. ಸೇತುವೆಯ ಮೇಲೆ ನಡೆದುಹೋಗಿ ಮೆಟ್ಟಿಲು ಇಳಿಯಬೇಕು.

ಇವರಿಗೆ ಇಳಿಯಲು ಆಗಲಿಲ್ಲ. ದೊಡ್ಡವ್ವನ ಮೊಣಕಾಲೂ ಒಪ್ಪಲಿಲ್ಲ. "ನೀ ಹೋಗಿ ಬಾ, ನಾವಿಬ್ಬರು ಕುಂಟರು ಇಲ್ಲೇ ಕುಂದರ್ತೀವಿ" ಅಂದಳು. ಮಕ್ಕಳೂ ಅವರ ಹತ್ತಿರವೇ ಉಳಿದರು. ಒಬ್ಬಳೇ ಇಳಿದೆ. ಇಳಿದಷ್ಟೂ ತಂಪು. ಒಂದು ಹಂತದ ಮೇಲೆ ಗೊತ್ತಾಗುತ್ತದೆ, ಗೋಡೆಯ ಆಚೆ ಹೊಳೆ ನಮ್ಮ ತಲೆಗಿಂತ ಮೇಲಿದೆ ಅಂತ. ಒಂದು ಕ್ಷಣ ಎದೆ ಝಲ್ಲೆಂದಿತು. ಮುಳುಗಡೆ ಮಂದಿಗೆ ಅದು ಬೇರೆಯವರಿಗಿಂತ ಜಾಸ್ತಿ. ಕೆಳಗೆ ಮಂಟಪ, ಲಿಂಗ. ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಒಂದೂ ಬಾಯಿಗೆ ಬರಲಿಲ್ಲ. ಗದಗದ ಆ ಹುಡುಗಿಯ ನೆನಪಾಯಿತು. ಅವಳ ಪಾಲಿಗೂ ಒಮ್ಮೆ ನಮಸ್ಕಾರ ಮಾಡಿ ಎದ್ದೆ. ಮೇಲೆ ನೋಡಿದರೆ ಗುಂಡಗಿನ ಆಕಾಶ, ಅಂಚಿನಲ್ಲಿ ನಮ್ಮ ಚಿಕ್ಕವನ ತಲೆ. "ಅವ್ವಾ, ಲಗೂ ಬಾ, ಆಯಿ ಅಪ್ಪಗ ಓಣಿ ಹೇಳಾಕ ಶುರು ಮಾಡ್ಯಾಳ!" ಅಂತ ಕೂಗಿದ.

ಮೇಲೆ ಬಂದರೆ ನಿಜ. ಇವರು ಅವಳ ಪಕ್ಕ ಕೂತು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಪಾತ್ರೆ ಅಂಗಡಿಗೆ ಬಂದಿದ್ದರು.

ದೊಡ್ಡವ್ವನಿಗೆ ಮೊಬೈಲಿನಲ್ಲಿ ಓದಲು ಬರುವುದಿಲ್ಲ. ಇದನ್ನು ಇವತ್ತು ರಾತ್ರಿ ಊಟವಾದ ಮೇಲೆ ಓದಿ ಹೇಳಬೇಕು. ಹೊಗಳಿದ ಕಡೆಯೆಲ್ಲ "ಸಾಕ, ಮುಂದ ಓದು" ಅನ್ನುತ್ತಾಳೆ. ಓಣಿಯ ಜಾಗ ಬಂದಾಗ ಮಾತ್ರ ನಿಲ್ಲಿಸುತ್ತಾಳೆ. ಬಳೆಗಾರನ ಮನೆ ಮೊದಲೋ ಪಾತ್ರೆ ಅಂಗಡಿ ಮೊದಲೋ ಅಂತ ನನಗೆ ಈಗಲೂ ಅನುಮಾನ. ತಪ್ಪಿದ್ದರೆ ನಾಳೆ ಇಲ್ಲೇ ತಿದ್ದುತ್ತೇನೆ.